ಮೂರನೇ ಪದರು

ಶಹಾಬಾದ ಸ್ಟ್ಯಾಂಡಿನ್ಯಾಗ ಆರರ ಬಸ್ಸು ಹಿಡದ್ವಿ,
ನಾನು, ಭೀಮಶಾ, ಮತ್ತ ಖಾಕಿ ಬಣ್ಣದ ದೊಡ್ಡ ಪಾಕೀಟು.
ಮಡಚಬ್ಯಾಡ್ರಿ ಅಂದಿದ್ದ ಎಕ್ಸರೇದ ಹುಡುಗ.
ಹಂಗಾಗಿ ಕೂಸಿನ್ನ ಎತ್ತಿಕೊಂಡಂಗ
ಎದಿಗೆ ಅವಚಿಕೊಂಡು ನಿಂತಿದ್ದ
ತನ್ನ ಎದೀನ ತಾನೇ.

ಮರತೂರು ದಾಟಿದ ಮ್ಯಾಲ ಕುಂದರಾಕ ಜಾಗ ಆತು.
ಕಿಟಕಿಗೆ ಹಿಡಿದು ನೋಡಿದ:
ಪಕ್ಕದ ಎಲುಬು,
ಎಲುಬಿನ ಸಂದ್ಯಾಗ ಹಾಯ್ದು ಹೋಗೂ ತೊಗರಿ ಹೊಲ,
ಒಂದು ಕರೆಂಟಿನ ಕಂಬ, ಬುಟ್ಟಿ ಹೊತ್ತ ಒಬ್ಬಾಕಿ.
ಹೊಲ ಹೋಗ್ತದ, ಕಂಬ ಹೋಗ್ತದ,
ಬಿಳೇ ಚುಕ್ಕಿ ಅಷ್ಟು ಹೋಗವಲ್ಲವು.
"ಆಣಿಕಲ್ಲು ಬಿದ್ದಂಗ ಅದ ನೋಡು ಮಶಾಕ," ಅಂದ.
ಕಂಡಕ್ಟರ್ ಬಗ್ಗಿ ನೋಡಿ
ಚಿಲ್ಲರ ಕೊಡೂದು ಮರತ.

ಕಲ್ಲಿನ ಪುಡಿ ಅಂತ ಯಾರೋ ಅಂದದ್ದು ಕೇಳಿ
ಅವನ ಹೆಂಡತಿ ಜಗದೇವಿ
ಕಿಡ್ನಿ ಕಲ್ಲಿಗೆ ಕೊಡೂ ಹುರಳಿ ಕಟ್ಟು ಕಾಸಿ
ಹನ್ನೊಂದು ದಿವಸ ಕುಡಿಸಿದಳು.
"ಅಲ್ಲಿಂದು ಕರಗ್ತದ, ಇಲ್ಲಿಂದು ಯಾಕ ಕರಗಂಗಿಲ್ಲ?"
ಯಾರಿಗೆ ಗೊತ್ತಿತ್ತು ಉತ್ತರ.
ಅದಕ್ಕೂ ಮೊದಲ ಎರಡು ಸರ್ತಿ ಟಿಬಿ ಅಂತ
ಆರಾರು ತಿಂಗಳ ಗುಳಗಿ ನುಂಗಿದ್ದ,
ಉಚ್ಚಿ ಕೆಂಪಗ ಹೋಗತಿತ್ತು,
ಕಫದಾಗ ಹುಳ ಮಾತ್ರ ಸಿಗಲಿಲ್ಲ.
ಹುಳ ಇಲ್ಲಂದ್ರ ಬ್ಯಾನಿ ಇಲ್ಲ ಅಂದ ಗುತ್ತೇದಾರ
ಮರುದಿನ ಮತ್ತ ಪಾಲಿಶ್ ಮಷಿನ್ನಿಗೆ ನಿಂದರಿಸಿದ.

ಮಷಿನ್ನಿನ ಮ್ಯಾಲ ನಳ ಇತ್ತು, ಸುಳ್ಳ ಯಾಕ ಹೇಳಲಿ.
ಸಾಹೇಬರು ಬರೂ ದಿವಸ ನೀರೂ ಇರತಿತ್ತು.
ನೀರ ಬಿಟ್ರ ರಾಡಿ ಆಗ್ತದ,
ರಾಡಿ ಹೊರಾಕ ಟ್ರ್ಯಾಕ್ಟರ್ ಬೇಕು,
ಟ್ರ್ಯಾಕ್ಟರಿಗೆ ಡೀಸೆಲ್ಲು.
ಧೂಳಿಗೆ ಏನೂ ಬ್ಯಾಡ.
ಅದು ತಾನೇ ಎದ್ದು ಹೋಗ್ತದ,
ಪುಕ್ಕಟ ಹೊರೂ ಮಂದಿ ಅದಾರ.

ಸಂಜೀಕ ಹುಬ್ಬು ಬೆಳ್ಳಗ, ರೆಪ್ಪಿ ಬೆಳ್ಳಗ.
ಇಪ್ಪತ್ತೆರಡಕ್ಕ ಮುದುಕರಾಗಿ ಮನಿಗೆ ಹೋಗಿ
ಒಂದು ಕೊಡ ನೀರಾಗ ಮತ್ತ ಹರೇದವರು ಆಗತಿದ್ವಿ.
ಆವಾಗ ಅದು ನಗಚಾಟ್ಗಿ.

ಕಲಬುರಗಿ ದವಾಖಾನಿ ಡಾಕ್ಟರಮ್ಮ ಭಾಳ ಸಣ್ಣಾಕಿ.
ಫಿಲ್ಮು ದೀಪಕ್ಕ ಹಚ್ಚಿ ಸುಮ್ಮನ ನಿಂತಳು.
"ಯಾವ ಕಾರ್ಖಾನಿ? ಕಾಗದ ಅದೇನು?"
ಹದಿನೇಳು ವರ್ಷ, ನಾಕು ಮಾಲಕರು,
ನಾಕೂ ಹಾಜರಿ ಬುಕ್ಕಿನ್ಯಾಗ
ಭೀಮಶಾ ಅನ್ನೂ ಹೆಸರು ಗೈರು.
ಕಾಗದ ಇಲ್ಲದ ಬ್ಯಾನಿಗೆ ಪರಿಹಾರ ಕಷ್ಟ ಅಂತ
ನೆಲ ನೋಡಕೋತ ಹೇಳಿದಳು.
ಆಮ್ಯಾಲ ನನ್ನ ಕಡೆ ತಿರುಗಿ: "ನೀವೂ ಒಂದು ತಗಸ್ರಿ."
"ನಾ ಬರೇ ಸಂಗಾಟ ಬಂದಾಂವ್ರಿ," ಅಂದೆ.
ಕೆಮ್ಮು ಬಂತು. ತಡದೆ.

ಗುಳಗಿ ಕೊಡೂ ಕಿಟಕಿ ಮುಂದ ಬೆಂಚು ತುಂಬಿತ್ತು.
ಗ್ವಾಡಿಗೆ ಬೆನ್ನ ಹಚ್ಚಿ ನೆಲದ ಮ್ಯಾಲ ಕುಂತ್ವಿ.
ಕಸ ಹೊಡಿಯಾಕಿ ಬಂದಳು, ಒಣ ಬಾರಿಗಿ,
ಬಿಸಲಿನ ಕೋಲಿನ್ಯಾಗ ಧೂಳ ಎದ್ದು ತಿರುಗಾಕ ಹತ್ತಿತು.
ಭೀಮಶಾ ಕೈ ಎತ್ತಿದ.
"ಯಕ್ಕಾ,
ನೀರ
ಚಿಮಕಿಸಿ
ಹೊಡಿಯಬೇ."
ಇಷ್ಟು ಮಾತಿಗೆ ನಾಕು ಉಸರು ಬೇಕಾತು.
ಈ ಮಾತು ಮಷಿನ್ನಿನ ಮುಂದ ನಿಂತು
ನಾವು ಯಾರಿಗೂ ಅಂದಿರಲಿಲ್ಲ.

ಆಕಿ ಗೊಣಗಿದಳು, ಹ್ವಾದಳು,
ಮಗ್ಗದಾಗ ನೀರ ತಂದು ಬೆರಳಿಲೆ ಸಿಡಿಸಿದಳು.
ಹನಿ ಬಿದ್ದಲ್ಲೆಲ್ಲಾ ಬೂದಿ ಬಣ್ಣ ಹೋಗಿ
ಕಲ್ಲು ನೀಲಿ ಆತು.
ಭೀಮಶಾ ಅದರ ಮ್ಯಾಲ ಅಂಗೈ ಇಟ್ಟ,
ಅತ್ತಿತ್ತ ಸವರಿದ, ಒಂದು ಕಡೆ ಉಗರಿಲೆ ಗೀರಿ ನೋಡಿದ.
"ಮೂರನೇ ಪದರಿಂದು," ಅಂದ,
"ನಮ್ಮ ಕಡೀದು. ಪಾಲಿಶ್ ಛೊಲೋ ಕುಂತದ."

ಅಷ್ಟರಾಗ ನೀರು ಆರಾಕ ಹತ್ತಿತ್ತು.
ಕಿಟಕಿಯೊಳಗಿಂದ ಯಾವುದೋ ನಂಬರ ಕೂಗಿದರು,
ನಮ್ಮದಲ್ಲ.